ಡ್ರಮ್ ಬ್ರೇಕ್ ಕೆಲಸಕ್ಕೆ ಯಾವ ಟೂಲ್ಸ್? ಮೊದಲು ಡ್ರಮ್ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಪ್ರಶ್ನೆ: ನನ್ನ ಹತ್ತಿರ 2009ರ ಮಾರುತಿ ಆಲ್ಟೊ ಇದೆ. ಬ್ರೇಕ್ ಒತ್ತಿದರೆ ಹಿಂದಿನ ಚಕ್ರಗಳಿಂದ ಕಿರ್ರ್ ಅಂತ ಸದ್ದು ಬರುತ್ತದೆ. ಹ್ಯಾಂಡ್‌ಬ್ರೇಕ್ ತುಂಬಾ ಮೇಲೆ ಎಳೆದ ಮೇಲೇ ಹಿಡಿಯುವುದು. ಶೂ (ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಬಾಗಿದ ಪಟ್ಟಿ) ನಾನೇ ಬದಲಿಸೋಣ ಅಂತ ಯೂಟ್ಯೂಬ್ ನೋಡಿದೆ. ಅಮೆರಿಕದವನೊಬ್ಬ ನಾಲ್ಕೈದು ವಿಚಿತ್ರ ಆಕಾರದ ಟೂಲ್ಸ್ ಹಿಡಿದು ಹತ್ತೇ ನಿಮಿಷದಲ್ಲಿ ಕೆಲಸ ಮುಗಿಸಿದ. ಅಂಥದ್ದೇ 'ಡ್ರಮ್ ಬ್ರೇಕ್ ಕಿಟ್' ಆನ್‌ಲೈನ್‌ನಲ್ಲಿ ಸಿಗುತ್ತಿದೆ. ತಗೊಳ್ಳಲಾ? ಈಗ ನನ್ನಲ್ಲಿ ಇರುವುದು ಕಾರಿನ ಜೊತೆ ಬಂದ ಜಾಕ್, ವೀಲ್ ಸ್ಪ್ಯಾನರ್, ಒಂದು ಸೆಟ್ ಓಪನ್ ಸ್ಪ್ಯಾನರ್, ಕಟಿಂಗ್ ಪ್ಲೇಯರ್, ಎರಡು ಸ್ಕ್ರೂಡ್ರೈವರ್. ಬಜೆಟ್ ಜಾಸ್ತಿ ಇಲ್ಲ.
(ತಿಪಟೂರಿನ ಓದುಗರು)

ಉತ್ತರ:

ಕಿಟ್ ತಗೋಬೇಡಿ. ಈಗಾಗಲೇ ಆರ್ಡರ್ ಮಾಡಿದ್ದರೆ ಕ್ಯಾನ್ಸಲ್ ಮಾಡಿ. ಆ ದುಡ್ಡನ್ನು ಎಲ್ಲಿ ಹಾಕಬೇಕು ಅಂತ ಹೇಳುತ್ತೇನೆ, ಆದರೆ ಮೊದಲು ಯಾಕೆ ಬೇಡ ಅಂತ ತಿಳ್ಕೊಳ್ಳಿ.

ಆ ವಿಡಿಯೊದಲ್ಲಿ ನೀವು ನೋಡಿದ್ದು ಬೇರೆ ಜಾತಿಯ ಬ್ರೇಕ್. ಅಮೆರಿಕದ ದೊಡ್ಡ ಕಾರು, ಪಿಕಪ್‌ಗಳಲ್ಲಿ ಡುಯೊ-ಸರ್ವೊ ಅಂತ ಒಂದು ಬಗೆ ಬಹಳ ಕಾಲ ಇತ್ತು. ಅದರಲ್ಲಿ ಮೇಲ್ಗಡೆ ಒಂದು ದಪ್ಪ ಪಿನ್ ಇರುತ್ತದೆ, ಎರಡೂ ಶೂಗಳ ಸ್ಪ್ರಿಂಗ್ ಆ ಪಿನ್ನಿಗೆ ಸಿಕ್ಕಿಸಿರುತ್ತಾರೆ. ಕೆಳಗಡೆ ಎರಡು ಶೂಗಳ ನಡುವೆ ಹಲ್ಲಿನ ಚಕ್ರ ಇರುವ ಒಂದು ಅಡ್ಜಸ್ಟರ್. ಕಿಟ್‌ನಲ್ಲಿ ಬರುವ ತೂತುಮೂತಿಯ ಉದ್ದ ಟೂಲ್ ಇದೆಯಲ್ಲ, ಅದನ್ನು ಆ ಪಿನ್ ಮೇಲೆ ಕೂರಿಸಿ ತಿರುಗಿಸಿದರೆ ಸ್ಪ್ರಿಂಗ್ ಎದ್ದು ಬರುತ್ತದೆ. ಚಮಚದ ಹಾಗೆ ಬಾಗಿರುವ ಇನ್ನೊಂದು ಟೂಲ್, ಹಿಂದಿನ ತಗಡಿನ ಕಿಂಡಿಯಿಂದ ತೂರಿಸಿ ಆ ಹಲ್ಲಿನ ಚಕ್ರ ತಿರುಗಿಸುವುದಕ್ಕೆ.

ನಿಮ್ಮ ಆಲ್ಟೊದಲ್ಲಿ ಆ ಪಿನ್ನೇ ಇಲ್ಲ. ಮೇಲ್ಗಡೆ, ಪೆಡಲ್ ಒತ್ತಿದಾಗ ಶೂಗಳನ್ನು ಹೊರಗೆ ದೂಡುವ ವೀಲ್ ಸಿಲಿಂಡರ್, ಕೆಳಗಡೆ ಒಂದು ಗಟ್ಟಿ ಆಧಾರ. ಸ್ಪ್ರಿಂಗ್‌ಗಳು ಒಂದು ಶೂನಿಂದ ಇನ್ನೊಂದು ಶೂಗೆ ನೇರ ಸಿಕ್ಕಿಕೊಂಡಿರುತ್ತವೆ. ಅಡ್ಜಸ್ಟ್‌ಮೆಂಟ್ ತಾನೇ ಆಗುತ್ತದೆ, ಪೆಡಲ್ ಒತ್ತಿದಾಗ ಒಳಗಿನ ಒಂದು ಪಟ್ಟಿ ಹಲ್ಲು ಹಲ್ಲಾಗಿ ಮುಂದೆ ಸರಿಯುತ್ತದೆ. ಹಾಗಾಗಿ ಆ ಕಿಟ್‌ನ ಅರ್ಧಕ್ಕರ್ಧ ಸಾಮಾನು ನಿಮ್ಮ ಕಾರಿನಲ್ಲಿ ಎಲ್ಲಿಗೂ ಕೂರುವುದಿಲ್ಲ. ನನ್ನ ಹತ್ತಿರವೂ ಅಂಥ ಚಮಚ ಒಂದಿದೆ. ಪೇಂಟ್ ಡಬ್ಬದ ಮುಚ್ಚಳ ತೆಗೆಯಲು ಬಹಳ ಚೆನ್ನಾಗಿದೆ.

ಹಾಗಾದರೆ ಬೇಕಾಗುವುದೇನು? ಕೆಲಸ ನಡೆಯುವ ಕ್ರಮದಲ್ಲೇ ಹೇಳುತ್ತೇನೆ. ಡ್ರಮ್ ಬ್ರೇಕ್‌ನಲ್ಲಿ ಕಷ್ಟ ಅಂತ ಎಲ್ಲರೂ ಹೆದರುವುದು ಸ್ಪ್ರಿಂಗ್‌ಗೆ. ನಿಜವಾಗಿ ಸಮಯ ತಿನ್ನುವುದು, ಕೈಗೆ ಗಾಯ ಮಾಡುವುದು, ಸಾಮಾನು ಹಾಳು ಮಾಡುವುದು ಬೇರೆ ಮೂರು ಜಾಗ: ಕಾರು ಎತ್ತುವುದು, ಡ್ರಮ್ ಕಳಚುವುದು, ಬ್ರೇಕ್ ಆಯಿಲ್ ಪೈಪಿನ ನಟ್ ಬಿಚ್ಚುವುದು. ದುಡ್ಡು ಹೋಗಬೇಕಾದದ್ದೂ ಅಲ್ಲಿಗೇ.

ಕಾರಿನ ಜೊತೆ ಬಂದ ಜಾಕ್ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಚಕ್ರ ಬಿಚ್ಚಿ, ಡ್ರಮ್ ಹಿಡಿದು ಎಳೆದಾಡುವ ಕೆಲಸ ಮಾಡಬಾರದು. ನಮ್ಮ ಕಡೆ ಸೈಜುಗಲ್ಲು ಇಡುವ ಅಭ್ಯಾಸ ಇದೆ, ಸಿಮೆಂಟ್ ಬ್ಲಾಕ್ ಇಡುವವರೂ ಇದ್ದಾರೆ. ಟೊಳ್ಳು ಬ್ಲಾಕ್ ಅಂತೂ ಯಾವತ್ತೂ ಬೇಡ. ಗೋಡೆಯಲ್ಲಿ ಅದರ ಮೇಲೆ ಭಾರ ಹರಡಿ ಕೂರುತ್ತದೆ, ಇಲ್ಲಿ ಇಡೀ ಭಾರ ಒಂದು ಅಂಗೈ ಅಗಲದ ಕಬ್ಬಿಣದ ಮೂಲಕ ಬೀಳುತ್ತದೆ. ಮುನ್ಸೂಚನೆಯೇ ಇಲ್ಲದೆ ಪುಡಿಯಾಗುತ್ತದೆ. ಎರಡು ಟನ್ನಿನ ಒಂದು ಜೊತೆ ಜಾಕ್ ಸ್ಟ್ಯಾಂಡ್ ತಗೊಳ್ಳಿ. ನಿಮ್ಮ ಪಟ್ಟಿಯಲ್ಲಿ ಮೊದಲು ಕೊಳ್ಳಬೇಕಾದದ್ದು ಅದು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ದಿಮ್ಮಿ ಕೊಡಿ, ಗೇರಿಗೆ ಹಾಕಿಡಿ. ಹಿಂದಿನ ಕೆಲಸ ಮಾಡುವಾಗ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು, ಆದ್ದರಿಂದ ಕಾರನ್ನು ಹಿಡಿದಿಡುವುದು ಆ ದಿಮ್ಮಿ ಮತ್ತು ಗೇರು, ಎರಡೇ. ಇಳಿಜಾರಿನ ಜಾಗದಲ್ಲಿ, ಮಣ್ಣಿನ ಅಂಗಳದಲ್ಲಿ ಈ ಕೆಲಸ ಬೇಡ. ಮಣ್ಣೇ ಗತಿ ಅಂದರೆ ಸ್ಟ್ಯಾಂಡಿನ ಕೆಳಗೆ ಅಗಲದ ದಪ್ಪ ಹಲಗೆ ಹಾಕಿ.

ಈಗ ಡ್ರಮ್. ಅಂಗಡಿಗೆ ಹೋಗುವ ಮುಂಚೆ ಒಂದು ಭಾನುವಾರ ಬೆಳಗ್ಗೆ ಚಕ್ರ ಬಿಚ್ಚಿ, ಸುಮ್ನೆ ಕೂತು ನೋಡಿ. ನಡುವೆ ತಗಡಿನ ಟೋಪಿ ಇದೆಯಾ? ಟೋಪಿಯ ಒಳಗಿನ ನಟ್ಟಿಗೆ ಕೋಟೆಯ ತೆನೆಯ ಹಾಗೆ ಸೀಳಿದ್ದು, ಸ್ಪ್ಲಿಟ್ ಪಿನ್ ಇದೆಯಾ, ಅಥವಾ ನಟ್ಟಿನ ಅಂಚನ್ನು ಒಳಗೆ ತಟ್ಟಿ ಲಾಕ್ ಮಾಡಿದ್ದಾರಾ? ಡ್ರಮ್ಮಿನ ಮುಖದಲ್ಲಿ ಮರೆ (ಬೋಲ್ಟ್ ತಿರುಗಿಸುವ ಥ್ರೆಡ್) ಇರುವ ಎರಡು ಸಣ್ಣ ತೂತು ಇದೆಯಾ? ಫೋನ್‌ನಲ್ಲಿ ಫೋಟೊ ತಗೊಳ್ಳಿ. ನಿಮ್ಮ ಟೂಲ್ಸ್ ಪಟ್ಟಿ ಹುಟ್ಟುವುದು ಈ ಫೋಟೊಗಳಿಂದ, ವಿಡಿಯೊದಿಂದ ಅಲ್ಲ.

ಮಾರುತಿ 800, ಆಲ್ಟೊ ತರಹದ ಕಾರುಗಳಲ್ಲಿ ಹಿಂದಿನ ಡ್ರಮ್ ಮತ್ತು ಹಬ್ (ಚಕ್ರ ಕಟ್ಟುವ ನಡುಭಾಗ) ಒಂದೇ ಎರಕ. ಬೇರಿಂಗ್ ಅದರೊಳಗೇ ಕೂತಿರುತ್ತದೆ. ಆದ್ದರಿಂದ ಡ್ರಮ್ ತೆಗೆಯಬೇಕಾದರೆ ನಡುವಿನ ದೊಡ್ಡ ನಟ್ ಬಿಚ್ಚಲೇಬೇಕು. ಓಮ್ನಿ, ಈಕೊದಲ್ಲಿ ಹಾಗಲ್ಲ. ಅವು ಹಿಂದಿನ ಚಕ್ರ ತಿರುಗಿಸುವ ಗಾಡಿಗಳು, ಡ್ರಮ್ ಆಕ್ಸಲ್ ತುದಿಯ ತಟ್ಟೆಯ ಮೇಲೆ ಟೋಪಿಯ ಹಾಗೆ ಕೂತಿರುತ್ತದೆ. ಹೋಂಡಾ ಕಾರುಗಳಲ್ಲಿ ಡ್ರಮ್ಮಿನ ಮೇಲೆ ಎರಡು ಸ್ಟಾರ್ ಸ್ಕ್ರೂ ಕಾಣಬಹುದು. ಅವುಗಳ ತಲೆ ಹಾಳು ಮಾಡದೆ ತೆಗೆಯಬೇಕಾದರೆ ಸುತ್ತಿಗೆಯಲ್ಲಿ ಹೊಡೆದಾಗ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬೇಕು, ಸಾಮಾನ್ಯ ಸ್ಕ್ರೂಡ್ರೈವರ್ ಸಾಲದು. ಪಕ್ಕದ ಮನೆಯವರ ಕಾರಿಗೆ ಬೇಕಾದ ಟೂಲ್ ನಿಮ್ಮ ಕಾರಿಗೆ ಬೇಕಾಗದೇ ಇರುವುದು ಹೀಗೆ.

ನಡುವಿನ ನಟ್ಟಿಗೆ ಅರ್ಧ ಇಂಚಿನ ಡ್ರೈವ್ ಇರುವ, ಅಂದರೆ ಹಿಡಿ ಕೂರುವ ಚೌಕ ತೂತು ಅರ್ಧ ಇಂಚಿರುವ ಸಾಕೆಟ್ ಒಂದು ಬೇಕು. ನಟ್ ಹಿಡಿಯುವ ಕಡೆಯ ಅಳತೆ ಇಷ್ಟೇ ಅಂತ ಯಾರೋ ಹೇಳಿದ್ದನ್ನು ನಂಬಿ ಕೊಳ್ಳಬೇಡಿ. ವರ್ನಿಯರ್‌ನಲ್ಲಿ ನಟ್ಟಿನ ಎದುರುಬದುರು ಮುಖದ ನಡುವಿನ ಅಂತರ ಅಳೆಯಿರಿ. ಹನ್ನೆರಡು ಮೂಲೆಯ ಸಾಕೆಟ್ ಬೇಡ, ಆರು ಮೂಲೆಯದ್ದು ತಗೊಳ್ಳಿ. ಜೊತೆಗೆ ಸಾಕೆಟ್ ತಿರುಗಿಸಲು ಉದ್ದ ಟಾಮಿ ಹಿಡಿ. ಈ ನಟ್ಟನ್ನು ಕಾರು ನೆಲದ ಮೇಲೆ ಇರುವಾಗಲೇ ಸಡಿಲ ಮಾಡಿ. ಸ್ಟ್ಯಾಂಡಿನ ಮೇಲೆ ನಿಂತ ಕಾರಿಗೆ ಮೂರಡಿ ಪೈಪ್ ಹಾಕಿ ಜಗ್ಗುವುದು ಕಾರನ್ನು ಕೆಡವುವ ಸುಲಭ ದಾರಿ. ಅಂಚು ತಟ್ಟಿದ ನಟ್ ಆದರೆ ಸಣ್ಣ ಉಳಿಯಿಂದ ಆ ತಟ್ಟಿದ ಜಾಗ ಎಬ್ಬಿಸಿ ಆಮೇಲೆ ತಿರುಗಿಸಿ. ಎಬ್ಬಿಸದೆ ತಿರುಗಿಸಿದರೆ ಹಬ್ ಕೂರುವ ಅಚ್ಚಾದ ಸ್ಪಿಂಡಲ್‌ನ ಮರೆಯೇ ಕಿತ್ತು ಬರುತ್ತದೆ. ಅಂಥ ನಟ್ ಮತ್ತೆ ಬಳಸುವಂತಿಲ್ಲ, ಹೊಸದು ಮೊದಲೇ ತಂದಿಡಿ. ಸ್ಪ್ಲಿಟ್ ಪಿನ್ನೂ ಅಷ್ಟೇ, ಹಳೆಯದನ್ನು ನೆಟ್ಟಗೆ ಮಾಡಿ ಹಾಕಬೇಡಿ.

ನಟ್ ಬಂತು, ಡ್ರಮ್ ಬರಲಿಲ್ಲ. ಹೆಚ್ಚಿನವರು ಇಲ್ಲಿ ಸುತ್ತಿಗೆ ಎತ್ತುತ್ತಾರೆ. ನಾನೂ ಕೆಲಸ ಕಲಿಯುವ ಕಾಲದಲ್ಲಿ ಎತ್ತಿದ್ದೆ. ಡ್ರಮ್ಮಿನ ಅಂಚಿಗೆ ಎರಡು ಏಟು ಬಿತ್ತು, ಮೂರನೆಯದಕ್ಕೆ ಉಗುರಿನಷ್ಟು ಚೂರು ಹಾರಿ ಗೋಡೆಗೆ ಬಡಿಯಿತು. ಡ್ರಮ್ ಎರಕದ ಕಬ್ಬಿಣ. ಅದು ಬಾಗುವುದಿಲ್ಲ, ಒಡೆಯುತ್ತದೆ. ಆ ಡ್ರಮ್ಮಿನ ದುಡ್ಡು ನನ್ನ ಸಂಬಳದಲ್ಲಿ ಮುರಿದರು. ಮೂರು ಕಾಲಿನ ಪುಲ್ಲರ್‌ನ ಕೊಕ್ಕೆ ಆ ಅಂಚಿಗೆ ಹಾಕಿ ಬಿಗಿಯುವವರಿಗೂ ಇದೇ ಗತಿ.

ಡ್ರಮ್ ಬರದೇ ಇರುವುದಕ್ಕೆ ಮುಖ್ಯವಾಗಿ ಎರಡು ಕಾರಣ, ಎರಡಕ್ಕೂ ಮದ್ದು ಬೇರೆ. ಒಂದು, ಹಬ್ಬಿಗೋ ಸ್ಪಿಂಡಲ್‌ಗೋ ತುಕ್ಕು ಹಿಡಿದು ಕಚ್ಚಿಕೊಂಡಿರುವುದು. ಕರಾವಳಿಯ ಗಾಡಿಗಳಲ್ಲಿ ಇದು ಜಾಸ್ತಿ, ಉಪ್ಪು ಗಾಳಿ. ಇನ್ನೊಂದು, ವರ್ಷಗಟ್ಟಲೆ ಶೂ ಉಜ್ಜಿ ಡ್ರಮ್ಮಿನ ಒಳಗೆ ಗುಂಡಿ ಬಿದ್ದಿರುತ್ತದೆ, ಅಂಚಿನಲ್ಲಿ ಸವೆಯದ ತುಟಿಯೊಂದು ಉಳಿದಿರುತ್ತದೆ. ಶೂ ಆ ತುಟಿಗೆ ಒಳಗಿನಿಂದ ಸಿಕ್ಕಿಕೊಳ್ಳುತ್ತದೆ. ಗುರುತು ಹಿಡಿಯುವುದು ಹೇಗೆ? ಡ್ರಮ್ ಒಂದೆರಡು ಮಿಲಿಮೀಟರ್ ಹೊರಗೆ ಬಂದು ರಬ್ಬರ್ ಹಾಗೆ ವಾಪಸ್ ಹೋದರೆ ಶೂ ಹಿಡಿದಿದೆ. ಅಲ್ಲಾಡುವುದೇ ಇಲ್ಲ ಅಂದರೆ ತುಕ್ಕು. ಮಲೆನಾಡಿನ ಕಡೆ ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಎರಡು ವಾರ ನಿಲ್ಲಿಸಿದ ಕಾರುಗಳಲ್ಲಿ ಶೂನ ಉಜ್ಜುವ ಪದರ, ಅಂದರೆ ಲೈನಿಂಗೇ ಡ್ರಮ್ಮಿಗೆ ಅಂಟಿರುತ್ತದೆ. ಅದಕ್ಕೆ ಡ್ರಮ್ಮಿನ ಮೈಮೇಲೆ ಸುತ್ತಲೂ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಸಾಕು, ಟಕ್ ಅಂತ ಬಿಡುತ್ತದೆ.

ಶೂ ಸಿಕ್ಕಿಕೊಂಡಿದ್ದರೆ ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಸಡಿಲ ಮಾಡಿ. ಸುಜುಕಿ ಮೂಲದ ಹಲವು ಕಾರುಗಳಲ್ಲಿ ಹಿಂದಿನ ತಗಡಿನ ಮೇಲೆ ಒಂದು ರಬ್ಬರ್ ಬಿರಡೆ ಇರುತ್ತದೆ. ಅದನ್ನು ತೆಗೆದು ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿದರೆ ಶೂ ಹಿಡಿದಿರುವ ಕ್ಲಿಪ್ಪಿಗೆ ತಗಲುತ್ತದೆ. ಕ್ಲಿಪ್ಪನ್ನು ಸ್ವಲ್ಪ ಒತ್ತಿದರೆ ಹ್ಯಾಂಡ್‌ಬ್ರೇಕ್ ಲಿವರ್ ಇನ್ನಷ್ಟು ಹಿಂದಕ್ಕೆ ಸರಿದು ಶೂ ಒಳಗೆ ಮುದುಡುತ್ತದೆ. ಆ ಒಂದು ಬಿರಡೆ ಗೊತ್ತಿಲ್ಲದೆ ಎಷ್ಟೋ ಜನ ಎಷ್ಟೋ ಡ್ರಮ್ ಒಡೆದಿದ್ದಾರೆ.

ತುಕ್ಕಾದರೆ, ಡ್ರಮ್ಮಿನ ಮುಖದ ಮೇಲೆ ಮರೆ ಇರುವ ತೂತು ಇದೆಯಾ ನೋಡಿ ಅಂದೆನಲ್ಲ, ಅದು ಇದಕ್ಕೇ. ಬಹಳ ಕಾರುಗಳಲ್ಲಿ ಅಲ್ಲಿಗೆ 8 ಮಿ.ಮೀ. ಬೋಲ್ಟ್ ಕೂರುತ್ತದೆ. ಎರಡು ಬೋಲ್ಟ್ ಹಾಕಿ, ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು, ಹೀಗೆ ಸಮನಾಗಿ ಬಿಗಿಯುತ್ತಾ ಹೋದರೆ ಡ್ರಮ್ ತಾನಾಗಿ ಹೊರಗೆ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯ 8 ಮಿ.ಮೀ. ಬೋಲ್ಟಿಗೆ 13ರ ಸ್ಪ್ಯಾನರ್ ಬೇಕು. ಜಪಾನ್ ಮೂಲದ ಗಾಡಿಗಳ ಬೋಲ್ಟಿಗೆ ಅದೇ ಗಾತ್ರಕ್ಕೆ 12ರದ್ದು ಕೂರುತ್ತದೆ. ಎರಡೂ ಇಟ್ಕೊಳ್ಳಿ.

ತೂತು ಇಲ್ಲದಿದ್ದರೆ ಸ್ಲೈಡ್ ಹ್ಯಾಮರ್. ಉದ್ದ ಸರಳಿನ ತುದಿಯಲ್ಲಿ ಒಂದು ತಟ್ಟೆ, ಸರಳಿನ ಮೇಲೆ ಜಾರುವ ಭಾರದ ಗುಂಡು. ತಟ್ಟೆಯನ್ನು ಚಕ್ರದ ಬೋಲ್ಟುಗಳಿಗೆ ಕಟ್ಟಿ ಗುಂಡನ್ನು ನಿಮ್ಮ ಕಡೆಗೆ ಜೋರಾಗಿ ಎಳೆದರೆ, ಏಟು ಡ್ರಮ್ಮಿನ ಬುಡಕ್ಕೇ ಬೀಳುತ್ತದೆ, ಅಂಚಿಗಲ್ಲ. ಇದನ್ನು ಕೊಳ್ಳಬೇಡಿ. ಐದು ವರ್ಷಕ್ಕೆ ಒಂದು ಸಲ ಬೇಕಾಗುವ ಸಾಮಾನು. ನಿಮ್ಮೂರಿನ ಗ್ಯಾರೇಜಿನಲ್ಲಿ ಖಂಡಿತ ಇರುತ್ತದೆ, ಒಂದು ಗಂಟೆಗೆ ಕೇಳಿ ತನ್ನಿ. ಅಥವಾ ವೆಲ್ಡಿಂಗ್ ಅಂಗಡಿಯಲ್ಲಿ ನಿಮ್ಮ ಚಕ್ರದ ಬೋಲ್ಟುಗಳ ಅಂತರ ತೋರಿಸಿ ಮಾಡಿಸಬಹುದು. ನನ್ನದು ಹಾಗೆ ಮಾಡಿಸಿದ್ದೇ. ಚಕ್ರವನ್ನೇ ವಾಪಸ್ ಎರಡು ನಟ್ಟಿನಲ್ಲಿ ಕಟ್ಟಿ ಎರಡು ಕೈಯಲ್ಲಿ ಹಿಡಿದು ಜಗ್ಗುವವರಿದ್ದಾರೆ. ಡ್ರಮ್ ಬರುತ್ತದೆ, ನಿಜ. ಆದರೆ ಕಾರು ಸ್ಟ್ಯಾಂಡಿನ ಮೇಲಿದೆ ಅನ್ನುವುದು ನೆನಪಿರಲಿ. ನಾನು ಹಾಗೆ ಮಾಡುವುದನ್ನು ಬಿಟ್ಟು ಬಹಳ ವರ್ಷ ಆಯಿತು.

ಡ್ರಮ್ ಬಂದ ಕೂಡಲೇ ಕಪ್ಪು ಪುಡಿ ಕಾಣುತ್ತದೆ. ಬಾಯಲ್ಲಿ ಊದಬೇಡಿ, ಏರ್ ಹೊಡೆಯಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು, ಈಗ ಹಾಕಿರುವುದರಲ್ಲಿ ಏನಿದೆ ಅಂತ ನೋಡಿ ಹೇಳಲಾಗುವುದಿಲ್ಲ. ಸೋಪಿನ ನೀರು ತುಂಬಿದ ಸ್ಪ್ರೇ ಬಾಟಲಿ, ಕೆಳಗೆ ಒಂದು ಹಳೇ ಟ್ರೇ, ಬಿಸಾಡುವ ಬಟ್ಟೆ, ಮಾಸ್ಕ್. ನೆನೆಸಿ ಒರೆಸಿ. ಇದಕ್ಕೆ ದುಡ್ಡೇ ಬೇಕಾಗಿಲ್ಲ.

ಈಗ ಎಲ್ಲರೂ ಹೆದರುವ ಸ್ಪ್ರಿಂಗ್. ಮೊದಲು ಎರಡು ಶೂಗಳ ನಡು ನೋಡಿ. ಪ್ರತಿ ಶೂವನ್ನು ಹಿಂದಿನ ತಗಡಿಗೆ ಒತ್ತಿ ಹಿಡಿದಿರುವ ಒಂದು ಪಿನ್, ಅದರ ಮೇಲೆ ಮಡಚಿದ ಪಟ್ಟಿಯ ಕ್ಲಿಪ್ಪೋ, ಸುರುಳಿ ಸ್ಪ್ರಿಂಗೋ ಇರುತ್ತದೆ. ಪಿನ್ನಿನ ತಲೆ ಚಪ್ಪಟೆ, ಕ್ಲಿಪ್ಪಿನ ಸೀಳಿಗೆ ಅಡ್ಡವಾಗಿ ಕೂತಿರುತ್ತದೆ. ಎಡಗೈ ತೋರುಬೆರಳು ತಗಡಿನ ಹಿಂದೆ ಹಾಕಿ ಪಿನ್ನಿನ ಬುಡ ಒತ್ತಿ ಹಿಡಿಯಿರಿ. ಬಲಗೈಯಲ್ಲಿ ಪ್ಲೇಯರ್‌ನಿಂದ ಕ್ಲಿಪ್ಪನ್ನು ಒಳಗೆ ಒತ್ತಿ, ಪಿನ್ನಿನ ತಲೆಯನ್ನು ಕಾಲು ಸುತ್ತು ತಿರುಗಿಸಿ. ತಲೆ ಸೀಳಿಗೆ ನೇರವಾದ ಕ್ಷಣ ಕ್ಲಿಪ್ ಕೈಗೆ ಬರುತ್ತದೆ. ಸುರುಳಿ ಸ್ಪ್ರಿಂಗ್ ಇದ್ದರೆ ಮಾತ್ರ ಬಟ್ಟಲಿನ ಆಕಾರದ ಒಂದು ಸಣ್ಣ ಟೂಲ್ ಕೆಲಸ ಸುಲಭ ಮಾಡುತ್ತದೆ. ಇಡೀ ಕಿಟ್‌ನಲ್ಲಿ ನಾನು ಬೇಕು ಅನ್ನುವುದು ಅದೊಂದನ್ನೇ. ಅದು ಬಿಡಿಯಾಗಿಯೂ ಸಿಗುತ್ತದೆ. ನಿಮ್ಮದರಲ್ಲಿ ಪಟ್ಟಿ ಕ್ಲಿಪ್ ಇದ್ದರೆ ಅದೂ ಬೇಡ.

ಎರಡೂ ಕ್ಲಿಪ್ ಬಂದ ಮೇಲೆ ಸ್ಪ್ರಿಂಗ್‌ಗಳ ಜೊತೆ ಗುದ್ದಾಡಲು ಹೋಗಬೇಡಿ. ಒಂದು ಶೂನ ಕೆಳತುದಿಯನ್ನು ದಪ್ಪ ಸ್ಕ್ರೂಡ್ರೈವರ್‌ನಿಂದ ಆಧಾರದ ಮೇಲಿಂದ ಮುಂದಕ್ಕೆ ಜಾರಿಸಿ. ಆ ಕ್ಷಣಕ್ಕೆ ಕೆಳಗಿನ ಸ್ಪ್ರಿಂಗ್‌ನ ಬಿಗಿ ಇಳಿಯುತ್ತದೆ. ಮೇಲ್ಗಡೆಯೂ ಹಾಗೇ, ಸಿಲಿಂಡರ್‌ನ ರಬ್ಬರ್ ಹರಿಯದಂತೆ ನೋಡಿ ಶೂಗಳ ತುದಿ ಹೊರಗೆ ಸರಿಸಿ. ಎರಡು ಶೂ, ಸ್ಪ್ರಿಂಗ್‌ಗಳು, ಅಡ್ಜಸ್ಟರ್ ಪಟ್ಟಿ ಎಲ್ಲ ಒಂದೇ ಗೊಂಚಲಾಗಿ ಕೈಗೆ ಬರುತ್ತದೆ, ಹ್ಯಾಂಡ್‌ಬ್ರೇಕ್ ಕೇಬಲ್ ಒಂದರಿಂದ ಮಾತ್ರ ನೇತಾಡುತ್ತಾ. ಕೇಬಲ್ ಸುತ್ತ ಒಂದು ಸ್ಪ್ರಿಂಗ್ ಇರುತ್ತದೆ. ಅದನ್ನು ನೋಸ್ ಪ್ಲೇಯರ್‌ನಿಂದ ಹಿಂದಕ್ಕೆ ದೂಡಿ ಹಿಡಿದು, ಕೇಬಲ್ಲಿನ ಗುಂಡು ತುದಿಯನ್ನು ಲಿವರ್‌ನ ಕೊಕ್ಕೆಯಿಂದ ಜಾರಿಸಬೇಕು. ಕಟಿಂಗ್ ಪ್ಲೇಯರ್ ಇಲ್ಲಿ ಬೇಡ, ಜೋರು ಬಿದ್ದರೆ ಕೇಬಲ್ಲಿನ ಎಳೆ ಕತ್ತರಿಸುತ್ತದೆ. ಒಳ್ಳೆಯ ಉದ್ದ ಮೂತಿಯ ನೋಸ್ ಪ್ಲೇಯರ್ ಒಂದು ತಗೊಳ್ಳಿ. ತಪಾರಿಯಾದಂಥ ನಮ್ಮ ದೇಶದ ಮಾಮೂಲಿ ಬ್ರ್ಯಾಂಡೇ ಸಾಕು, ವರ್ಷಗಟ್ಟಲೆ ಬರುತ್ತದೆ.

ಗೊಂಚಲನ್ನು ಹಳೇ ಪೇಪರ್ ಮೇಲೆ ಹರಡಿ, ಹೊಸ ಶೂಗಳನ್ನು ಪಕ್ಕದಲ್ಲೇ ಅದೇ ಆಕಾರದಲ್ಲಿ ಇಟ್ಟು, ಸ್ಪ್ರಿಂಗ್ ಒಂದೊಂದಾಗಿ ದಾಟಿಸಿ. ನೆಲದ ಮೇಲೆ ಕೂತು ಎರಡು ಕೈಯಲ್ಲಿ ಮಾಡುವಾಗ ಸ್ಪ್ರಿಂಗ್ ಅಂಥ ರಾಕ್ಷಸ ಏನಲ್ಲ. ವಾಪಸ್ ಕೂರಿಸುವಾಗ ಕೊನೆಯ ಒಂದು ಸ್ಪ್ರಿಂಗ್ ಹಟ ಮಾಡಿದರೆ ಲಾಕಿಂಗ್ ಪ್ಲೇಯರ್, ಅಂದರೆ ಹಿಡಿದರೆ ತಾನೇ ಬಿಗಿಯಾಗಿ ನಿಲ್ಲುವ ಗ್ರಿಪ್ ಪ್ಲೇಯರ್ ಸಾಕು. ಸ್ಪ್ರಿಂಗ್‌ನ ಕೊಕ್ಕೆಯ ನೇರ ಭಾಗ ಹಿಡಿಯಿರಿ, ಸುರುಳಿಯನ್ನು ಹಿಡಿಯಬೇಡಿ. ಸುರುಳಿಗೆ ಹಲ್ಲಿನ ಗೀರು ಬಿದ್ದರೆ ಮುಂದೆ ಅಲ್ಲೇ ಮುರಿಯುತ್ತದೆ. ಕನ್ನಡಕ ಹಾಕ್ಕೊಳ್ಳಿ. ನನ್ನ ಹುಬ್ಬಿನ ಮೇಲಿನ ಗಾಯದ ಗುರುತು ಕನ್ನಡಕ ಇಲ್ಲದ ದಿನದ್ದು, ಇನ್ನೊಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣೇ.

ಇಲ್ಲಿ ಎರಡು ಎಚ್ಚರ. ಎರಡೂ ಚಕ್ರ ಒಟ್ಟಿಗೆ ಬಿಚ್ಚಬೇಡಿ. ಒಂದು ಮುಗಿಸಿ ಇನ್ನೊಂದು. ಗೊಂದಲ ಆದಾಗ ನೋಡಲು ಬಿಚ್ಚದ ಕಡೆ ಇರಬೇಕು. ಅಡ್ಜಸ್ಟರ್ ಪಟ್ಟಿ ಎಡ ಬಲ ಬೇರೆ ಬೇರೆ, ಅದಲು ಬದಲಾದರೆ ತಾನೇ ಅಡ್ಜಸ್ಟ್ ಆಗುವುದು ನಿಲ್ಲುತ್ತದೆ. ಎರಡನೆಯದು, ಡ್ರಮ್ ಹೊರಗಿರುವಾಗ ಯಾರೂ ಪೆಡಲ್ ಮುಟ್ಟಬಾರದು. ಮುಟ್ಟಿದರೆ ಸಿಲಿಂಡರ್‌ನ ಪಿಸ್ಟನ್ ಹೊರಗೆ ಹಾರುತ್ತದೆ, ಆಯಿಲ್ ಎಲ್ಲ ನೆಲಕ್ಕೆ. ಸೈಕಲ್ ಟ್ಯೂಬಿನಿಂದ ಎರಡು ಬೆರಳಗಲದ ಬಳೆ ಕತ್ತರಿಸಿ ಸಿಲಿಂಡರ್‌ಗೆ ಉದ್ದಕ್ಕೆ ಹಾಕಿಬಿಡಿ. ಇದಕ್ಕೂ ಅಂಗಡಿಯಲ್ಲಿ ಒಂದು ಕ್ಲಿಪ್ ಮಾರುತ್ತಾರೆ, ಟ್ಯೂಬೇ ಚೆನ್ನ.

ಸಿಲಿಂಡರ್‌ನ ರಬ್ಬರ್ ಟೋಪಿಯ ಅಂಚನ್ನು ಸಣ್ಣ ಸ್ಕ್ರೂಡ್ರೈವರ್‌ನಿಂದ ಸ್ವಲ್ಪ ಎತ್ತಿ ನೋಡಿ. ಒಳಗಿನಿಂದ ಆಯಿಲ್ ಇಳಿದರೆ ಸಿಲಿಂಡರ್ ಬದಲಿಸಬೇಕು. ಆಯಿಲ್ ಕುಡಿದ ಹಳೇ ಶೂವನ್ನು ಪೆಟ್ರೋಲಿನಲ್ಲಿ ತೊಳೆದು, ಉಪ್ಪು ಕಾಗದದಲ್ಲಿ ಉಜ್ಜಿ ವಾಪಸ್ ಹಾಕುವ ಕೆಲಸ ಬೇಡ, ಅದು ಮತ್ತೆ ಸರಿಯಾಗಿ ಹಿಡಿಯುವುದಿಲ್ಲ.

ಸಿಲಿಂಡರ್ ಬದಲಿಸುವುದಾದರೆ ಮಾತ್ರ ಹಿಂದಿನಿಂದ ಬರುವ ಬ್ರೇಕ್ ಪೈಪಿನ ನಟ್ ಬಿಚ್ಚಬೇಕು. ನಿಮ್ಮ ಓಪನ್ ಸ್ಪ್ಯಾನರ್ ಅಲ್ಲಿಗೆ ತರಬೇಡಿ. ಓಪನ್ ಸ್ಪ್ಯಾನರ್ ನಟ್ಟಿನ ಎರಡು ಮುಖ ಮಾತ್ರ ಹಿಡಿಯುತ್ತದೆ. ಪೈಪಿನ ನಟ್ ಮೆತ್ತಗೆ, ಮೇಲೆ ಹದಿನಾರು ಹದಿನೇಳು ವರ್ಷದ ತುಕ್ಕು. ಸ್ಪ್ಯಾನರ್ ಒಂದು ಸಲ ಜಾರಿದರೆ ಮೂಲೆ ಉರುಟಾಗುತ್ತದೆ, ಎರಡನೇ ಸಲಕ್ಕೆ ನಟ್ ಗೋಲಿಯಾಗುತ್ತದೆ. ಆಮೇಲೆ ಗ್ರಿಪ್ ಪ್ಲೇಯರ್ ಹಾಕುತ್ತೀರಿ, ಪೈಪೇ ತಿರುಚಿ ಹೋಗುತ್ತದೆ. ಒಂದು ಸಿಲಿಂಡರ್ ಕೆಲಸ ಹಿಂದಿನಿಂದ ಮುಂದಿನ ತನಕ ಹೊಸ ಪೈಪ್ ಎಳೆಯುವ ಕೆಲಸವಾಗುವುದು ಹೀಗೇ. ಫ್ಲೇರ್ ನಟ್ ಸ್ಪ್ಯಾನರ್ ಅಂತ ಕೇಳಿ. ನೋಡಲು ರಿಂಗ್ ಸ್ಪ್ಯಾನರ್ ಹಾಗೇ, ಒಂದು ಕಡೆ ಪೈಪ್ ತೂರುವಷ್ಟು ಬಾಯಿ ತೆರೆದಿರುತ್ತದೆ, ಉಳಿದ ಐದು ಮುಖ ಹಿಡಿಯುತ್ತದೆ. ಜಪಾನ್ ಮೂಲದ ಸಣ್ಣ ಕಾರುಗಳಲ್ಲಿ ಈ ನಟ್ ಸಾಮಾನ್ಯವಾಗಿ 10ರದ್ದು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ವೈರ್ ಬ್ರಷ್‌ನಲ್ಲಿ ಉಜ್ಜಿ, ಬೆಳಗ್ಗೆ ಕೈ ಹಾಕಿ. ಅಗ್ಗದ ಫ್ಲೇರ್ ಸ್ಪ್ಯಾನರ್ ಮಾತ್ರ ಬೇಡವೇ ಬೇಡ. ಬಿಗಿ ಬಿದ್ದಾಗ ಅದರ ಬಾಯಿ ಅಗಲವಾಗುತ್ತದೆ, ಆಗ ಓಪನ್ ಸ್ಪ್ಯಾನರ್‌ಗಿಂತ ಕಡೆ. ಅಂಗಡಿಯಲ್ಲಿ ಹೊಸ ನಟ್ಟೊಂದಕ್ಕೆ ಹಾಕಿ ಅಲ್ಲಾಡಿಸಿ ನೋಡಿ. ಲೊಡ ಲೊಡ ಅಂದರೆ ವಾಪಸ್ ಕೊಡಿ.

ಪೈಪ್ ಬಿಚ್ಚಿದಾಗ ಒಳಗೆ ಸೇರಿದ ಏರ್ ತೆಗೆಯುವ ನಿಪ್ಪಲ್‌ಗೂ ಇದೇ ಮಾತು. ನಿಮ್ಮ ಕಾರಿನಲ್ಲಿ ಅದು 8ರ ಅಳತೆ ಇರುವ ಸಾಧ್ಯತೆ ಹೆಚ್ಚು. ಆರು ಮೂಲೆಯ 8ರ ಸಾಕೆಟ್‌ನಿಂದ ಮೊದಲ ಸಲ ಸಡಿಲಿಸಿ, ಆಮೇಲೆ ರಿಂಗ್ ಸ್ಪ್ಯಾನರ್ ಹಾಕಿ. ಆಸ್ಪತ್ರೆಯ ಡ್ರಿಪ್ ಪೈಪಿನಂಥ ಪಾರದರ್ಶಕ ಟ್ಯೂಬ್, ತಳದಲ್ಲಿ ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿ, ಪೆಡಲ್ ಒತ್ತಲು ಮನೆಯವರೊಬ್ಬರು. 'ಒತ್ತಿ ಹಿಡಿ', 'ಬಿಡು' ಅನ್ನುವ ಎರಡು ಮಾತು ಮೊದಲೇ ಒಪ್ಪಿಕೊಳ್ಳಿ. ನಿಪ್ಪಲ್ ಮುಚ್ಚುವ ಮುಂಚೆ ಅವರು ಕಾಲು ಬಿಟ್ಟರೆ ಗಾಳಿ ವಾಪಸ್ ಒಳಗೆ. ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಆದಷ್ಟು ಜಗಳ ಇನ್ಯಾವುದಕ್ಕೂ ಆಗಿಲ್ಲ.

ಆಯಿಲ್ ಯಾವುದು ಅಂತ ಟ್ಯಾಂಕಿನ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 3, ಡಾಟ್ 4 ಅನ್ನುವುದು ಬ್ರೇಕ್ ಆಯಿಲ್ಲಿನ ದರ್ಜೆಗಳು. ಡಾಟ್ 3 ಹೊಸದಾಗಿದ್ದಾಗ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ, ಡಾಟ್ 4ರದ್ದು 230. ಎರಡೂ ಗಾಳಿಯ ತೇವ ಹೀರಿಕೊಳ್ಳುತ್ತವೆ, ಹೀರಿದ ಮೇಲೆ ಈ ಅಂಕಿ 140 ಮತ್ತು 155ಕ್ಕೆ ಇಳಿಯಬಹುದು. ಅದಕ್ಕೇ ಕಳೆದ ವರ್ಷ ಮುಚ್ಚಳ ಒಡೆದ ಅರ್ಧ ಡಬ್ಬ ಬಳಸಬೇಡಿ. ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಸಿಲಿಂಡರ್‌ನ ರಬ್ಬರ್‌ಗೆ ಇಂಜಿನ್ ಆಯಿಲ್, ಪೆಟ್ರೋಲ್, ಮಾಮೂಲಿ ಗ್ರೀಸ್ ತಾಗಿಸಬೇಡಿ, ಉಬ್ಬಿ ಹಾಳಾಗುತ್ತದೆ.

ಅಳತೆಯ ಬಗ್ಗೆ ಒಂದು ಮಾತು, ಯಾಕೆಂದರೆ ಇಲ್ಲಿ ತಪ್ಪು ಟೂಲ್ ಕೊಳ್ಳುವವರು ಬಹಳ. ಡ್ರಮ್ ಎಷ್ಟರ ತನಕ ಸವೆಯಬಹುದು ಅಂತ ಡ್ರಮ್ಮಿನ ಮೇಲೇ ಎರಕದಲ್ಲಿ ಇರುತ್ತದೆ, ತುಕ್ಕು ಉಜ್ಜಿ ಹುಡುಕಿ. ಆಲ್ಟೊದ ಡ್ರಮ್ ಒಳ ವ್ಯಾಸ ಹೊಸದರಲ್ಲಿ 180 ಮಿ.ಮೀ. ಎಲ್ಲರ ಮನೆಯಲ್ಲಿ ಇರುವ ಆರಿಂಚಿನ ವರ್ನಿಯರ್ 150ಕ್ಕೇ ಮುಗಿಯುತ್ತದೆ! ದೊಡ್ಡದು ತಂದರೂ ಅದರ ಗಿಡ್ಡ ದವಡೆ ಸವೆಯದ ತುಟಿಗೆ ತಾಗಿ ನಿಲ್ಲುತ್ತದೆ, ಒಳಗಿನ ಗುಂಡಿಗೆ ತಲುಪುವುದಿಲ್ಲ. ಸವೆದ ಡ್ರಮ್ ಹೊಸದರಂತೆ ಅಳತೆ ತೋರಿಸುತ್ತದೆ. ಆದ್ದರಿಂದ ಇದಕ್ಕೆ ಏನೂ ಕೊಳ್ಳಬೇಡಿ. ಲೇತ್ ಅಂಗಡಿಗೆ ಒಯ್ಯಿರಿ. ಟರ್ನರ್ ಎರಡು ನಿಮಿಷದಲ್ಲಿ ಅಳೆದು, ಟರ್ನಿಂಗ್ ಮಾಡಿದರೆ, ಅಂದರೆ ಒಳಮೈ ಕೆರೆದು ಸಮ ಮಾಡಿದರೆ, ಮಿತಿ ದಾಟುತ್ತದೋ ಇಲ್ಲವೋ ಹೇಳುತ್ತಾನೆ. ಶೂನ ಲೈನಿಂಗ್ ಅಳೆಯಲು ಮಾತ್ರ ನಿಮ್ಮ ವರ್ನಿಯರ್ ಸಾಕು. ಒಂದು ಮಿ.ಮೀ. ಹತ್ತಿರ ಬಂದಿದ್ದರೆ ಯೋಚನೆ ಬೇಡ, ಬದಲಿಸಿ.

ಕೊನೆಗೆ ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿ ಅಂತ ಅಳೆದು ಬಿಗಿಯುವ ಟೂಲ್. ನಡುವಿನ ನಟ್ಟಿನಲ್ಲಿ ನಿಮ್ಮ ಬೇರಿಂಗಿನ ಆಯುಷ್ಯ ಇದೆ. ಕೈ ಅಂದಾಜಿನಲ್ಲಿ ಬಿಗಿಯಬೇಡಿ. ಅರ್ಧ ಇಂಚಿನ, ಟಕ್ ಅನ್ನುವ ಬಗೆಯ ರೆಂಚ್ ತಗೊಳ್ಳಿ. ಚಕ್ರದ ನಟ್ಟಿಗೂ ಅದೇ ಆಗುತ್ತದೆ. ಎಷ್ಟು ಬಿಗಿ ಅನ್ನುವುದನ್ನು ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ನೋಡಿಯೇ ಹಾಕಿ. ಕೆಲಸ ಆದ ಮೇಲೆ ರೆಂಚನ್ನು ಕನಿಷ್ಠ ಅಂಕಿಗೆ ಇಳಿಸಿಡಿ, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋತು ಅಂಕಿ ಸುಳ್ಳಾಗುತ್ತದೆ.

ಅಂದರೆ ನಿಮ್ಮ ದುಡ್ಡು ಹೋಗಬೇಕಾದದ್ದು ಜಾಕ್ ಸ್ಟ್ಯಾಂಡ್, ಟಾರ್ಕ್ ರೆಂಚ್, ದೊಡ್ಡ ಸಾಕೆಟ್ ಮತ್ತು ಟಾಮಿ, ನೋಸ್ ಪ್ಲೇಯರ್, ಗ್ರಿಪ್ ಪ್ಲೇಯರ್, ರಬ್ಬರ್ ಸುತ್ತಿಗೆ, ಕನ್ನಡಕಕ್ಕೆ. ಸಿಲಿಂಡರ್ ಸೋರುತ್ತಿದ್ದರೆ 10ರ ಫ್ಲೇರ್ ಸ್ಪ್ಯಾನರ್. ಸ್ಟ್ಯಾಂಡ್ ಮತ್ತು ರೆಂಚಿನಲ್ಲಿ ಉಳಿತಾಯ ಮಾಡಬೇಡಿ, ಉಳಿದದ್ದರಲ್ಲಿ ಚೌಕಾಸಿ ಮಾಡಿ. ಬೆಂಗಳೂರಿಗೆ ಬಂದಾಗ ಟೂಲ್ಸ್‌ಗೆ ಎಸ್.ಪಿ. ರೋಡ್, ಶೂ ಮತ್ತು ಸಿಲಿಂಡರ್‌ಗೆ ಜೆ.ಸಿ. ರೋಡ್ ಕಡೆ ಹೋಗಿ ನೋಡಬಹುದು. ಹಳೇ ಶೂ ಒಂದನ್ನು ಕವರಿನಲ್ಲಿ ಹಾಕಿಕೊಂಡೇ ಹೋಗಿ, ಕೌಂಟರ್ ಮೇಲೆ ಹೊಸದರ ಪಕ್ಕ ಇಟ್ಟು ಹೋಲಿಸಿ. ಬೈಕಿನವರು ಯಾರಾದರೂ ಓದುತ್ತಿದ್ದರೆ, ನಿಮಗೆ ಇದ್ಯಾವುದೂ ಬೇಡ. ಸ್ಪ್ಲೆಂಡರ್ ತರಹದ ಬೈಕಿನ ಡ್ರಮ್ 130 ಮಿ.ಮೀ., ಎರಡು ಶೂ, ಎರಡು ಸ್ಪ್ರಿಂಗ್, ಒಂದು ಕ್ಯಾಮ್. ಎರಡೂ ಶೂ ಹಿಡಿದು ಪುಸ್ತಕ ಮಡಚಿದ ಹಾಗೆ ಮಡಚಿದರೆ ಕೈಗೆ ಬರುತ್ತದೆ.

ನಿಮ್ಮ ಹ್ಯಾಂಡ್‌ಬ್ರೇಕ್ ಮೇಲೆ ಬರುವ ವಿಷಯ ಉಳಿಯಿತು. ಅದನ್ನು ಕೇಬಲ್ ಬಿಗಿ ಮಾಡಿ ಸರಿಮಾಡೋಣ ಅಂತ ಯಾರಾದರೂ ಹೇಳಿದರೆ ಈಗ ಕೇಳಬೇಡಿ. ಶೂ ಸವೆದಿರುವಾಗ ಕೇಬಲ್ ಎಳೆದು ಕಟ್ಟಿದರೆ ಒಳಗಿನ ಲಿವರ್ ತನ್ನ ಜಾಗಕ್ಕೆ ವಾಪಸ್ ಬರುವುದಿಲ್ಲ, ಅಡ್ಜಸ್ಟರ್ ಕೆಲಸ ನಿಲ್ಲಿಸುತ್ತದೆ. ಪೆಡಲ್ ಇನ್ನೂ ಕೆಳಗೆ ಹೋಗುತ್ತದೆ. ಹೊಸ ಶೂ, ಡ್ರಮ್ ಕೂರಿಸಿ, ಪೈಪ್ ಬಿಚ್ಚಿದ್ದರೆ ಏರ್ ತೆಗೆದು, ಪೆಡಲ್ ಹತ್ತಾರು ಸಲ ಜೋರಾಗಿ ಒತ್ತಿ. ಪ್ರತಿ ಸಲ ಒಳಗಿನಿಂದ ಸಣ್ಣ ಟಿಕ್ ಸದ್ದು ಕೇಳಬಹುದು, ಅದು ಪಟ್ಟಿ ಹಲ್ಲು ದಾಟುವುದು. ಆ ಸದ್ದು ನಿಂತ ಮೇಲೆ ಕೊನೆಗೆ ಕೇಬಲ್. ಲಿವರ್ ಹತ್ತಿರದ ಅಡ್ಜಸ್ಟಿಂಗ್ ನಟ್ಟನ್ನು ತಿರುಗಿಸಿ, ಎಷ್ಟು ಹಲ್ಲಿಗೆ ಹಿಡಿಯಬೇಕು ಅಂತ ಕಾರಿನ ಪುಸ್ತಕದಲ್ಲಿ ಇದೆಯೋ ಅಷ್ಟಕ್ಕೆ ತನ್ನಿ. ಲಿವರ್ ಕೆಳಗೆ ಬಿಟ್ಟು ಎರಡೂ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ. ಲೈನಿಂಗ್ ಸವರುವ ಸದ್ದು ಬಂದರೆ ನಟ್ ಅರ್ಧ ಸುತ್ತು ಹಿಂದಕ್ಕೆ. ಆಮೇಲೆ ಕಾರು ಇಳಿಸಿ, ರಸ್ತೆಗೆ ಹೋಗುವ ಮುಂಚೆ ಅಂಗಳದಲ್ಲೇ ನಡಿಗೆಯ ವೇಗದಲ್ಲಿ ನಾಲ್ಕು ಸಲ ಬ್ರೇಕ್ ಹಿಡಿದು ನೋಡಿ.